ಹಿಂಡಿನ ಲೆಕ್ಕ



ಮೈಸೂರು, ಮಂಡ್ಯ ಸೀಮೆಯ ಬನ್ನೂರು ಕುರಿ ನಿಮಗೆಲ್ಲ ಗೊತ್ತಿರುವುದೇ. ಗಿಡ್ಡ ಕಾಲು, ತುಂಬಿದ ಮೈ, ಮಾಂಸಕ್ಕೆ ಹೆಸರುವಾಸಿ. ಸಂತೆಗೆ ಹಿಡಿದುಕೊಂಡು ಹೋದರೆ ಕೈಗೆ ಕಾಸು. ಆದರೆ ವ್ಯಾಪಾರಿ ಮೊದಲು ಕೈಹಾಕುವುದು ಯಾವುದಕ್ಕೆ? ಹಿಂಡಿನಲ್ಲಿ ಚೆನ್ನಾಗಿ ಬೆಳೆದ ಮರಿಗೆ. ಮದುವೆಯೋ ಸಾಲವೋ ಎದುರಿಗೆ ನಿಂತಾಗ ನಾವೂ ಅದನ್ನೇ ಕೊಟ್ಟುಬಿಡುತ್ತೇವೆ. ಹೀಗೆ ನಾಲ್ಕಾರು ವರ್ಷ ನಡೆದರೆ ಏನಾಯಿತು? ತಲೆ ಎಣಿಸಿದರೆ ಕುರಿ ಅಷ್ಟೇ ಇರುತ್ತವೆ. ಆದರೆ ಉಳಿದದ್ದು ಮುದಿಯದು, ಗೊಡ್ಡು, ಸೊರಗಿದ್ದು. ಮಾರುವುದು ತಪ್ಪಲ್ಲ. ಯಾವುದನ್ನು ಮಾರುತ್ತೀರಿ, ಯಾವುದನ್ನು ಉಳಿಸುತ್ತೀರಿ ಅನ್ನೋದರಲ್ಲೇ ಹಿಂಡಿನ ಬಾಳು ಇದೆ.

ಮೊದಲು ಎಷ್ಟು ಕುರಿ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಮಳೆಗಾಲದ ಹಸಿರು ನೋಡಿ ಲೆಕ್ಕ ಹಾಕಬೇಡಿ. ಬೇಸಿಗೆಯಲ್ಲಿ ನಿಮ್ಮ ಹಿತ್ತಲಲ್ಲಿ ಎಷ್ಟು ರಾಗಿಹುಲ್ಲು, ಎಷ್ಟು ಹುರುಳಿ ಹೊಟ್ಟು, ಎಷ್ಟು ಅಗಸೆಸೊಪ್ಪು ಸಿಕ್ಕೀತು ಅಂತ ನೋಡಿ. ಅಷ್ಟನ್ನು ತಿಂದು ಬದುಕುವಷ್ಟೇ ನಿಮ್ಮ ಹಿಂಡು.

25 ತಾಯಿಕುರಿ, ಒಂದು ಟಗರು ಇವೆ ಎನ್ನೋಣ. ವರ್ಷಕ್ಕೆ 20 ಮರಿ ಉಳಿದು ಬೆಳೆದವು. ಅದರಲ್ಲಿ 10 ಹೆಣ್ಣು, 10 ಗಂಡು. ಆಸೆಬಿದ್ದು ಹೆಣ್ಣನ್ನೆಲ್ಲ ಉಳಿಸಿಕೊಂಡು, ಮುದಿಯದನ್ನೂ ಮಾರದೆ ಇದ್ದರೆ ಮೊದಲನೇ ವರ್ಷಕ್ಕೆ 35, ಎರಡನೇ ವರ್ಷಕ್ಕೆ 45, ಮೂರನೆಯದಕ್ಕೆ ಹೆಚ್ಚುಕಡಿಮೆ 60. ಮೇವು ಮಾತ್ರ ಮೊದಲಿನಷ್ಟೇ! ಅರೆಹೊಟ್ಟೆಯ ತಾಯಿಗೆ ಹಾಲಿಲ್ಲ. ಹಾಲಿಲ್ಲದ ಮರಿ ನಿಲ್ಲುವುದಿಲ್ಲ. ಬರ ಬಂತೋ, ಸಿಕ್ಕ ಬೆಲೆಗೆ ಹಿಂಡನ್ನೇ ಹೊಡೆದುಕೊಂಡು ಹೋಗಬೇಕು.

ಅದಕ್ಕೆ ಸುಲಭದ ಲೆಕ್ಕ ಇದು: ವರ್ಷಕ್ಕೆ ಐದು ಹೋಗಲಿ, ಐದು ಬರಲಿ. ಐದು ಸೂಲು ಮುಗಿಸಿದ ಕುರಿ ಹೊರಗೆ. ಹೆಣ್ಣುಮರಿಗಳಲ್ಲಿ ಒಳ್ಳೆಯದು ಒಳಗೆ. ಒಂದು ಸತ್ತರೂ ಕೊರತೆ ಬೀಳದಂತೆ ಆರು ಮರಿ ಉಳಿಸಿಕೊಳ್ಳಿ. ಗಂಡುಮರಿ, ಮಿಕ್ಕ ಹೆಣ್ಣುಮರಿ, ಮುದಿಕುರಿ ಎಲ್ಲ ಸೇರಿ ವರ್ಷಕ್ಕೆ ಸುಮಾರು 20 ತಲೆ ಮಾರಾಟಕ್ಕೆ ಸಿಕ್ಕೇ ಸಿಗುತ್ತವೆ, ಹಿಂಡೂ ಕರಗುವುದಿಲ್ಲ. ಎಲ್ಲ ವಯಸ್ಸಿನವೂ ಇರುವುದರಿಂದ ಒಂದೇ ಸಲ ಹಿಂಡೆಲ್ಲ ಮುದಿಯಾಗುವ ಭಯವಿಲ್ಲ. ಉಳಿಸಿದ ಮರಿ ಈಯುವ ತನಕ ಅದರ ಮೇವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಮರೆಯಬೇಡಿ.

ಯಾವುದನ್ನು ತೆಗೆಯಬೇಕು? ಟಗರು ಬಿಡುವ ಮುಂಚೆ ಒಂದೊಂದನ್ನೇ ಹಿಡಿದು ಬಾಯಿ ನೋಡಿ. ಕುರಿಗೆ ಮುಂಬಲ್ಲು ಕೆಳದವಡೆಯಲ್ಲಿ ಮಾತ್ರ. ಒಂದು, ಒಂದೂವರೆ ವರ್ಷಕ್ಕೆ ಮೊದಲ ಜೊತೆ ದೊಡ್ಡ ಹಲ್ಲು. ನಾಲ್ಕರ ಸುಮಾರಿಗೆ ಎಂಟೂ ತುಂಬುತ್ತವೆ. ಆಮೇಲೆ ಸವೆದು, ಸಂದು ಬಿದ್ದು, ಉದುರುತ್ತವೆ. ಹಲ್ಲು ಉದುರಿದ್ದು, ಕೆಚ್ಚಲು ಗಟ್ಟಿಯಾದದ್ದು, ಎರಡು ಸಲ ಟಗರು ಬಿಟ್ಟರೂ ಗಬ್ಬ ನಿಲ್ಲದ್ದು, ಇವನ್ನು ಮೋಹಬಿಟ್ಟು ಕಳಿಸಿ. ಬೇಸಿಗೆಯಲ್ಲಿ ಬಡಕಲಾಗುವುದಕ್ಕೆ ಮುಂಚೆಯೇ, ಮೈಯಲ್ಲಿ ಕಸುವಿರುವಾಗಲೇ ಮಾರಿ. ಕಣ್ಣಳತೆಗೆ ಒಪ್ಪಬೇಡಿ, ತೂಕಹಾಕಿ ಬೆಲೆ ಕೇಳಿ.

ಉಳಿಸುವ ಹೆಣ್ಣುಮರಿಯನ್ನು ಸಂತೆಗೆ ಮೊದಲೇ ಆರಿಸಿ ಕಿವಿಗೆ ಗುರುತು ಹಾಕಿ. ಹಾಲುಳ್ಳ ತಾಯಿಯದು, ಚುರುಕಾಗಿ ಬೆಳೆದದ್ದು ಆಗಿರಲಿ. ಗುರುತು ಬಿದ್ದದ್ದಕ್ಕೆ ವ್ಯಾಪಾರಿ ಎಷ್ಟೇ ಹೇಳಲಿ, ಕೊಡಬಾರದು.

ಟಗರಿನ ಮಾತು ಒಂದುಂಟು. ಎರಡು ವರ್ಷವಾದರೆ ಅದರ ಹೆಣ್ಣುಮಕ್ಕಳೇ ಬೆದೆಗೆ ಬರುತ್ತವೆ. ಅಪ್ಪನಿಗೇ ಕಟ್ಟಿದರೆ ತಳಿ ಕುಗ್ಗುತ್ತದೆ. ಆ ಹೊತ್ತಿಗೆ ಬೇರೆ ಊರಿನವರ ಜೊತೆ ಟಗರನ್ನು ಅದಲುಬದಲು ಮಾಡಿಕೊಳ್ಳಿ; ಬಂದದ್ದನ್ನು ಮೂರು ವಾರ ಬೇರೆ ಕಟ್ಟಿ, ರೋಗವಿಲ್ಲವೆಂದು ಕಂಡಮೇಲೆ ಹಿಂಡಿಗೆ ಬಿಡಿ.

ಬರಗಾಲ ಬಂದರೂ ಮಾರುವ ಕ್ರಮ ಇದೇ: ಮೊದಲು ಗಂಡುಮರಿ, ಆಮೇಲೆ ಮುದಿಯದು, ಗೊಡ್ಡು. ಕಟ್ಟಕಡೆಗೆ ಉಳಿಯಬೇಕಾದದ್ದು ಎರಡು ಮೂರು ಸೂಲಿನ ತಾಯಿ ಮತ್ತು ಗುರುತಿನ ಮರಿ. ಅವಿಷ್ಟು ಉಳಿದರೆ, ಮಳೆ ಬಂದಮೇಲೆ ಹಿಂಡು ತಾನೇ ಎದ್ದು ನಿಲ್ಲುತ್ತದೆ.