ಗಣಿ ಎಂಜಿನಿಯರಿಂಗ್ ವಿಭಾಗ ಏನನ್ನು ಕಲಿಸುತ್ತದೆ?

ನಮ್ಮೂರು ಪಾಲಾರ್. ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆ ಇಳಿಯುವ ರಸ್ತೆಯಲ್ಲಿ ಕರ್ನಾಟಕ ಮುಗಿಯುವ ಜಾಗ. ಊರಿನ ಹೆಸರೇ ಹೊಳೆಯ ಹೆಸರು, ಆ ಹೊಳೆ ಸ್ವಲ್ಪ ದೂರ ಹರಿದು ಕಾವೇರಿಗೆ ಸೇರುತ್ತದೆ. ಹೋದ ವರ್ಷ ಕಾಲೇಜಿನ ಲೈಬ್ರರಿಯಲ್ಲಿ ಕೋಲಾರದ ಚಿನ್ನದ ಗಣಿಯ ವಿಷಯ ಓದುವಾಗ, ಗಣಿಗೆ ನೀರು ಬರುತ್ತಿದ್ದದ್ದು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಎಂದು ಕಂಡು ಬೆರಗಾದೆ. ನಮ್ಮ ಹೊಳೆ ಅಲ್ಲಿಗೆ ಹೇಗೆ ಹೋಯಿತು? ಆಮೇಲೆ ಭೂಪಟ ನೋಡಿದೆ. ಅದು ಬೇರೆ ಪಾಲಾರ್. ನಂದಿ ಬೆಟ್ಟದ ಕಡೆ ಹುಟ್ಟಿ ಕೋಲಾರ ಜಿಲ್ಲೆ ದಾಟಿ ತಮಿಳುನಾಡಿಗೆ ಹೋಗುವ ದೊಡ್ಡ ನದಿ. ನಮ್ಮದು ಅದರ ಹೆಸರನ್ನಷ್ಟೇ ಹಂಚಿಕೊಂಡಿರುವ ಕಾಡು ಹೊಳೆ.

ಆದರೆ ಇನ್ನೊಂದು ಸಂಬಂಧ ನಿಜವಾಗಿಯೂ ಇದೆ. ಶಿವನಸಮುದ್ರದಲ್ಲಿ ಮರ್ದಾನೆ ಗೈಬ್ ದರ್ಗಾಕ್ಕೆ ಹೋದವರೆಲ್ಲ ಹತ್ತಿರದ ಬ್ಲಫ್ ಎಂಬ ಜಾಗದ ವಿದ್ಯುದಾಗಾರದ ಬಗ್ಗೆ ಕೇಳಿರುತ್ತೀರಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಆ ಯೋಜನೆಯಿಂದ 1902ರಲ್ಲಿ ಕರೆಂಟ್ ಹೊರಟದ್ದು ಕೊಳ್ಳೇಗಾಲಕ್ಕೂ ಅಲ್ಲ, ಮೈಸೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಗಣಿಗೆ ಹೋಯಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ನಮ್ಮ ಮನೆ ಪಕ್ಕದ ನೀರು ಅಲ್ಲಿನ ಯಂತ್ರಗಳನ್ನು ತಿರುಗಿಸಿತು ಎಂದು ತಿಳಿದ ದಿನದಿಂದ ನನಗೆ ಗಣಿಯ ಓದಿನ ಮೇಲೆ ಆಸೆ ಹುಟ್ಟಿತು. ಮನೆಯಲ್ಲಿ ಹೇಳಿದಾಗ ಅಮ್ಮಿ ಕೇಳಿದ್ದು ಒಂದೇ ಮಾತು: "ಕಲ್ಲು ಒಡೆಯೋದಕ್ಕೂ ಡಿಗ್ರಿ ಬೇಕಾ?"

ಅಮ್ಮಿ ಸುಮ್ಮನೆ ಕೇಳಿದ್ದಲ್ಲ. ಅವರ ತಮ್ಮ, ನನ್ನ ಮಾಮು, ಹನ್ನೊಂದು ವರ್ಷ ಒಂದು ಜಲ್ಲಿ ಕ್ವಾರಿಯಲ್ಲಿ ಡ್ರಿಲ್ ಹಿಡಿದವರು. ಮೂಗಿಗೆ ಕರ್ಚೀಫ್ ಕಟ್ಟಿಕೊಳ್ಳುವುದೇ ಅವರಿಗಿದ್ದ ರಕ್ಷಣೆ. ಈಗ ಮೆಟ್ಟಿಲು ಹತ್ತಿದರೆ ಕೂರಬೇಕು, ರಾತ್ರಿ ಕೆಮ್ಮಿದರೆ ಮನೆಯವರೆಲ್ಲ ಏಳಬೇಕು. ಡಾಕ್ಟರು ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತಿದೆ ಎಂದಿದ್ದಾರೆ. ಆದ್ದರಿಂದ ಈ ಲೇಖನ ಅಮ್ಮಿಯ ಪ್ರಶ್ನೆಗೆ ನಾನು ಹುಡುಕಿದ ಉತ್ತರ ಎಂದುಕೊಳ್ಳಿ.

ಮೊದಲು ವಿಭಾಗಗಳು ಎಲ್ಲಿವೆ ಎಂಬುದು. ದೇಶದಲ್ಲಿ ಈ ವಿದ್ಯೆಗೆ ಹೆಸರಾದದ್ದು ಧನ್‌ಬಾದ್. ಅಲ್ಲಿ 1926ರಲ್ಲಿ ಆರಂಭವಾದ ಇಂಡಿಯನ್ ಸ್ಕೂಲ್ ಆಫ್ ಮೈನ್ಸ್ 2016ರಲ್ಲಿ ಐಐಟಿ ಆಯಿತು. ನಮ್ಮ ರಾಜ್ಯದಲ್ಲಿ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ವಿಭಾಗವಿದೆ. ಕೆಜಿಎಫ್‌ನಲ್ಲೇ ಇರುವ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಕಾಲೇಜಿನಲ್ಲೂ ಇದೆ, ಅದು ವಿಟಿಯು ವ್ಯಾಪ್ತಿಯದು. ಮೊದಲನೆಯದಕ್ಕೆ ಜೆಇಇ ಮೇನ್ ಬರೆಯಬೇಕು, ಎರಡನೆಯದಕ್ಕೆ ಸಿಇಟಿ ಸಾಕು. ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ ಮೀಸಲು ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಈಗ ಗುರಿಯ ವಿಷಯ. ಯಾವ ಎಂಜಿನಿಯರಿಂಗ್ ವಿಭಾಗಕ್ಕೆ ಹೋದರೂ ಗೋಡೆಯ ಮೇಲೆ ಅದರ ದೃಷ್ಟಿ, ಧ್ಯೇಯ, ಶೈಕ್ಷಣಿಕ ಉದ್ದೇಶಗಳು ಎಂದು ದೊಡ್ಡ ಬೋರ್ಡ್ ಇರುತ್ತದೆ. ನಾನು ಇದನ್ನು ಬರಿ ಅಲಂಕಾರ ಎಂದುಕೊಂಡಿದ್ದೆ. ವಿಷಯ ಹಾಗಿಲ್ಲ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯವಾಯಿತು. ಒಂದು ಸದಸ್ಯ ದೇಶದಲ್ಲಿ ಮಾನ್ಯತೆ ಪಡೆದ ಎಂಜಿನಿಯರಿಂಗ್ ಪದವಿಯನ್ನು ಉಳಿದ ಸದಸ್ಯ ದೇಶಗಳು ಸಮಾನವೆಂದು ಒಪ್ಪುವ ವ್ಯವಸ್ಥೆ ಅದು. ಮಾನ್ಯತೆ ಕೊಡುವ ಮಂಡಳಿ ವಿಭಾಗವನ್ನು ಕೇಳುವುದು ಎಷ್ಟು ಪಾಠ ಮುಗಿಸಿದಿರಿ ಎಂದಲ್ಲ. ನಿಮ್ಮ ವಿದ್ಯಾರ್ಥಿ ಪದವಿ ಮುಗಿಸಿದ ಕೆಲವು ವರ್ಷಕ್ಕೆ ಏನಾಗಿರಬೇಕು, ಅದಕ್ಕೆ ನೀವು ಏನು ಮಾಡಿದ್ದೀರಿ ಎಂದು. ಗಣಿ ವಿಭಾಗಗಳು ಇದಕ್ಕೆ ಕೊಡುವ ಉತ್ತರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಅದಿರನ್ನು ಕಡಿಮೆ ಖರ್ಚಿನಲ್ಲಿ, ಹಾಳು ಮಾಡದೆ ತೆಗೆಯುವವನು, ಒಳಗೆ ಇಳಿದವರನ್ನು ಸಂಜೆ ಹಾಗೇ ಮೇಲೆ ಕರೆತರುವವನು, ಅಗೆದ ನೆಲಕ್ಕೆ ಕೊನೆಯಲ್ಲಿ ಏನಾಗಬೇಕು ಎಂದು ಅಗೆಯುವ ಮೊದಲೇ ಯೋಚಿಸುವವನು. ಇದರಲ್ಲಿ ಎರಡನೆಯದೇ ನನಗೆ ಮುಖ್ಯವಾಗಿ ಕಂಡದ್ದು. ಕಾರಣ ಹೇಳಬೇಕಿಲ್ಲ.

ಕಲಿಸುವ ವಿಷಯಗಳ ಪಟ್ಟಿ ಉದ್ದವಿದೆ. ಮೊದಲ ವರ್ಷ ಎಲ್ಲ ಶಾಖೆಯವರಿಗೂ ಹೆಚ್ಚುಕಡಿಮೆ ಒಂದೇ. ನಂತರ ಭೂವಿಜ್ಞಾನ, ಗಣಿ ಸರ್ವೇ, ಯಂತ್ರಗಳು, ಅದಿರು ಸಂಸ್ಕರಣೆ, ಗಣಿ ಕಾನೂನು ಎಲ್ಲ ಬರುತ್ತವೆ. ನಾನು ಮೂರನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ರಾಕ್ ಮೆಕ್ಯಾನಿಕ್ಸ್, ಅಂದರೆ ಬಂಡೆಯ ಬಲದ ಲೆಕ್ಕ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತಲೂ ಆಳಕ್ಕೆ ಹೋಗಿತ್ತು. ನಮ್ಮ ಭೌತಶಾಸ್ತ್ರದ ಸೂತ್ರವನ್ನೇ ಹಾಕಿ ನೋಡಿ: ಬಂಡೆಯ ಸಾಂದ್ರತೆ ಘನ ಮೀಟರಿಗೆ 2700 ಕಿಲೋಗ್ರಾಂ ಎಂದಿಟ್ಟುಕೊಂಡು 9.8ರಿಂದಲೂ 3000 ಮೀಟರ್‌ನಿಂದಲೂ ಗುಣಿಸಿದರೆ ಸುಮಾರು 79 ಮೆಗಾಪಾಸ್ಕಲ್. ವಾತಾವರಣದ ಒತ್ತಡದ 780 ಪಟ್ಟು. ಅಷ್ಟು ಭಾರ ಹೊತ್ತ ಬಂಡೆಯಲ್ಲಿ ಸುರಂಗ ಕೊರೆದಾಗ ಬದಿಯ ಕಲ್ಲು ಕೆಲವೊಮ್ಮೆ ಬಾಂಬಿನಂತೆ ಸಿಡಿಯುತ್ತದೆ. ಇದನ್ನು ರಾಕ್ ಬರ್ಸ್ಟ್ ಎನ್ನುತ್ತಾರೆ. ಕೋಲಾರದಲ್ಲಿ ಇದರಿಂದ ಸತ್ತವರು ಬಹಳ. ಬಂಡೆಯ ವರ್ತನೆಯ ಅಧ್ಯಯನಕ್ಕಾಗಿಯೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ ಹುಟ್ಟಿದ್ದು ಅದೇ ಕೆಜಿಎಫ್‌ನಲ್ಲಿ. ಅದೇ ಆಳ ಇನ್ನೊಂದಕ್ಕೂ ಉಪಯೋಗವಾಯಿತು ಎಂಬುದನ್ನು ವಿಜ್ಞಾನ ವಿಭಾಗದವರು ಗಮನಿಸಿ. 1965ರಲ್ಲಿ ಇಲ್ಲಿ ನೆಲದಡಿ ಇಟ್ಟ ಉಪಕರಣಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಹಿಡಿದವು.

ಈ ಲೆಕ್ಕ ಆಳದ ಗಣಿಗೆ ಮಾತ್ರ ಎಂದುಕೊಳ್ಳಬೇಡಿ. 2022ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯದೇ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಕ್ವಾರಿಯ ಗುಡ್ಡ ಕುಸಿದು ಕಾರ್ಮಿಕರು ಸತ್ತದ್ದು ನೆನಪಿರಬಹುದು. ತೆರೆದ ಗಣಿಯನ್ನು ಗೋಡೆಯಂತೆ ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಗಟ್ಟಿ ಕಲ್ಲಿನಲ್ಲೂ ಮೆಟ್ಟಿಲಿನ ಅಗಲ ಅದರ ಎತ್ತರಕ್ಕಿಂತ ಕಡಿಮೆ ಇರಬಾರದು ಎಂಬುದು ಈ ಓದಿನ ಅಕ್ಷರಾಭ್ಯಾಸ. ಮಾಮುವನ್ನು ಕೇಳಿದೆ, ನೀವಿದ್ದ ಕಡೆ ಮೆಟ್ಟಿಲಿತ್ತಾ ಎಂದು. ನಕ್ಕರು.

ಎರಡನೆಯದು ಸ್ಫೋಟಕ. ಪಾಲಾರ್ ಎಂದರೆ ಹೊರಗಿನವರಿಗೆ ನೆನಪಾಗುವುದೇ 1993ರ ಏಪ್ರಿಲ್ 9ರ ನೆಲಬಾಂಬ್. ವೀರಪ್ಪನ್ ಗುಂಪು ಸಿಡಿಸಿದ ಅದರಲ್ಲಿ 22 ಮಂದಿ ಸತ್ತರು. ನಾನು ಹುಟ್ಟುವ ಮೊದಲಿನ ಮಾತು, ಆದರೂ ನಮ್ಮೂರಿನ ಹಿರಿಯರು ಹೊತ್ತು ಸಮೇತ ಹೇಳುತ್ತಾರೆ. ಹಾಗಾಗಿ ಸ್ಫೋಟಕದ ಬಗ್ಗೆ ಪಾಠ ಇದೆ ಎಂದಾಗ ಅಬ್ಬಾ ಮುಖ ಗಂಟಿಕ್ಕಿದ್ದು ಸಹಜ. ಆದರೆ ವಿಭಾಗದಲ್ಲಿ ಕಲಿಸುವುದು ಎಷ್ಟು ಕಡಿಮೆ ಮದ್ದಿನಲ್ಲಿ, ಎಷ್ಟು ಮಿಲಿಸೆಕೆಂಡ್ ಅಂತರದಲ್ಲಿ ಕುಳಿಗಳನ್ನು ಸಿಡಿಸಿದರೆ ನೆಲ ಕಡಿಮೆ ನಡುಗುತ್ತದೆ, ಕಲ್ಲು ಹಾರುವುದಿಲ್ಲ ಎಂಬುದನ್ನು. ಮದ್ದನ್ನು ಲೈಸೆನ್ಸ್ ಇರುವ ಕೋಠಿಯಲ್ಲೇ ಇಡಬೇಕು, ಪ್ರತಿಯೊಂದು ತುಂಡಿಗೂ ಲೆಕ್ಕ ಬರೆಯಬೇಕು, ಪ್ರಮಾಣಪತ್ರ ಇರುವ ಬ್ಲಾಸ್ಟರ್ ಮಾತ್ರ ಮುಟ್ಟಬೇಕು. ಈ ಶಿಸ್ತು ತಪ್ಪಿದರೆ ಏನಾಗುತ್ತದೆ ಎಂದು 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ನೋಡಿದ್ದೇವೆ.

ಮೂರನೆಯದು ಗಾಳಿ ಮತ್ತು ಧೂಳು. ಆಳದ ಗಣಿಯಲ್ಲಿ ಬಂಡೆಯೇ ಬಿಸಿ. ಚಾಂಪಿಯನ್ ರೀಫ್‌ನ ತಳದಲ್ಲಿ ಅದು 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಮೇಲಿನಿಂದ ತಣ್ಣನೆ ಗಾಳಿ ತಳ್ಳದಿದ್ದರೆ ಮನುಷ್ಯ ನಿಲ್ಲಲಾರ. ಕ್ವಾರಿಯಲ್ಲಿ ಗಾಳಿಗೆ ಬರವಿಲ್ಲ, ಕಷ್ಟವಿರುವುದು ಧೂಳಿನದು. ಚಾಮರಾಜನಗರದ ಹೆಸರುವಾಸಿ ಕರಿಕಲ್ಲಿನಲ್ಲಿ ಬೆಣಚು ಕಡಿಮೆ. ಜಲ್ಲಿಗೆ ಒಡೆಯುವ ಬೂದು ಕಲ್ಲಿನಲ್ಲಿ ಅದು ಹೆಚ್ಚು. ಬೆಣಚಿನ ನುಣ್ಣನೆಯ ಪುಡಿ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಅಲ್ಲೇ ಗಾಯ ಮಾಡಿ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ವಾಸಿಯಾಗುವ ರೋಗವಲ್ಲ, ತಡೆಯಬಹುದಾದ ರೋಗ. ತಡೆಯುವ ಉಪಾಯ ಕೇಳಿದರೆ ಸಂಕಟವಾಗುತ್ತದೆ: ಕೊರೆಯುವ ಕಡ್ಡಿಯ ಒಳಗಿಂದ ನೀರು ಬಿಟ್ಟರೆ ಧೂಳು ಏಳುವುದೇ ಇಲ್ಲ, ಕೆಸರಾಗಿ ಇಳಿಯುತ್ತದೆ. ಒಂದು ಪೈಪು, ಒಂದು ನೀರಿನ ಟ್ಯಾಂಕ್. ಕಲ್ಲು ಒಡೆಯೋದಕ್ಕೆ ಡಿಗ್ರಿ ಬೇಕಿಲ್ಲ ಅಮ್ಮಿ, ಆ ಪೈಪು ಇಲ್ಲದೆ ಕೆಲಸ ಶುರು ಮಾಡಬೇಡಿ ಎಂದು ಹೇಳುವ ಅಧಿಕಾರಕ್ಕೆ ಬೇಕು.

ಆ ಅಧಿಕಾರ ಪದವಿಯ ಜೊತೆಗೇ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಗಣಿಯ ಮ್ಯಾನೇಜರ್ ಆಗಲು ಪದವಿಯ ನಂತರ ಗಣಿಯಲ್ಲಿ ಅನುಭವ ಪಡೆದು, ಧನ್‌ಬಾದ್‌ನಲ್ಲಿ ಮುಖ್ಯ ಕಚೇರಿ ಇರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆ ಪಾಸು ಮಾಡಿ ಪ್ರಮಾಣಪತ್ರ ಪಡೆಯಬೇಕು. ಡಿಪ್ಲೊಮಾ ಓದಿದವರಿಗೆ ಫೋರ್‌ಮನ್ ಪ್ರಮಾಣಪತ್ರದ ದಾರಿಯಿದೆ.

ಗಣಿ ಮುಚ್ಚುವುದೂ ಪಾಠದ ಭಾಗ. ಇದನ್ನು ಕಲಿಯಲು ಕರ್ನಾಟಕಕ್ಕಿಂತ ಒಳ್ಳೆಯ ಜಾಗ ಬೇಡ. ಕೆಜಿಎಫ್ 2001ರ ಫೆಬ್ರುವರಿ 28ರಂದು ಮುಚ್ಚಿತು, ಸೈನೈಡ್ ಮಣ್ಣಿನ ದಿಬ್ಬಗಳು ಮಾತ್ರ ಉಳಿದವು. ಕುದುರೆಮುಖದ ಕಬ್ಬಿಣದ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಬಳ್ಳಾರಿಯ ಕಥೆ ಎಲ್ಲರಿಗೂ ಗೊತ್ತು. ಹಟ್ಟಿಯ ಚಿನ್ನದ ಗಣಿ ಇನ್ನೂ ನಡೆಯುತ್ತಿದೆ.

ನಮ್ಮ ತರಗತಿಯ ಹುಡುಗಿಯರು ಕೇಳುವ ಪ್ರಶ್ನೆ ಬೇರೆ: ನಮ್ಮನ್ನು ಒಳಗೆ ಬಿಡುತ್ತಾರಾ? ಬಹಳ ಕಾಲ ಬಿಡುತ್ತಿರಲಿಲ್ಲ. 1952ರ ಗಣಿ ಕಾಯ್ದೆ ಹೆಂಗಸರಿಗೆ ನೆಲದಡಿಯ ಕೆಲಸವನ್ನು ನಿಷೇಧಿಸಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಸಡಿಲಿಸಿ, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಹಗಲು ಹೊತ್ತಿನಲ್ಲಿ ಇಳಿಯಲು ಅವಕಾಶ ಕೊಟ್ಟಿತು. ಆಗಿನ ನಿಯಮದಲ್ಲಿ ಲಿಖಿತ ಒಪ್ಪಿಗೆ ಇರಬೇಕಿತ್ತು, ಕನಿಷ್ಠ ಮೂವರು ಜೊತೆಗಿರಬೇಕಿತ್ತು. 2021ರಲ್ಲಿ ಜಾರ್ಖಂಡ್‌ನ ಆಕಾಂಕ್ಷಾ ಕುಮಾರಿ ಎಂಬ ಎಂಜಿನಿಯರ್ ಸೆಂಟ್ರಲ್ ಕೋಲ್‌ಫೀಲ್ಡ್ಸ್‌ನ ನೆಲದಡಿಯ ಗಣಿಯಲ್ಲಿ ಕೆಲಸಕ್ಕೆ ಸೇರಿದರು. ಮನೆಯಲ್ಲಿ ಅವರ ಫೋಟೊ ತೋರಿಸಿದೆ. ಅಬ್ಬಾ ಹೆಲ್ಮೆಟ್ಟಿನ ದೀಪವನ್ನೇ ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಸಿಇಟಿಗೂ ಜೆಇಇಗೂ ಅರ್ಜಿ ಹಾಕಿದ್ದೇನೆ. ಗಣಿತದಲ್ಲಿ ಇನ್ನೂ ಕಲನಶಾಸ್ತ್ರ ಕೈಹಿಡಿದಿಲ್ಲ, ಭೌತಶಾಸ್ತ್ರ ಪರವಾಗಿಲ್ಲ. ಹೋದ ಭಾನುವಾರ ಮಾಮುಗೆ ನೀರು ಬಿಟ್ಟು ಕೊರೆಯುವ ಡ್ರಿಲ್ಲಿನ ಚಿತ್ರ ಬರೆದು ತೋರಿಸಿದೆ. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಪೈಪನ್ನು ನಾನು ತಪ್ಪು ಕಡೆ ಬರೆದಿದ್ದೇನೆ ಎಂದು ಪೆನ್ಸಿಲ್ ತೆಗೆದುಕೊಂಡು ತಾವೇ ತಿದ್ದಿದರು.