ಚಿನ್ನಕ್ಕಿಂತ ಉಕ್ಕು ದುಬಾರಿ: ಬಳಸಿದ ವಾಚುಗಳ ಬಗ್ಗೆ ಎಂಟು ತಪ್ಪು ಕಲ್ಪನೆಗಳು

ಹೊಸ ವಾಚುಗಳ ಲೋಕದಲ್ಲಿ ರೋಲೆಕ್ಸ್‌ಗೆ ಇರುವ ಗತ್ತು ಎಲ್ಲರಿಗೂ ಗೊತ್ತು. ಕೇಳಿದ ಮಾದರಿ ಕೇಳಿದ ದಿನ ಸಿಗುವುದಿಲ್ಲ. ಹೆಸರು ಬರೆಸಿ ಕಾಯಬೇಕು. ಅಂಥ ಕಂಪನಿಯೇ 2022ರ ಡಿಸೆಂಬರ್‌ನಲ್ಲಿ ಬಳಸಿದ ವಾಚುಗಳ ವ್ಯಾಪಾರಕ್ಕೆ ತನ್ನ ಮುದ್ರೆ ಒತ್ತಿತು. ಅಧಿಕೃತ ಮಾರಾಟಗಾರರು ಹಳೆಯ ರೋಲೆಕ್ಸ್‌ಗಳನ್ನು ಪರೀಕ್ಷಿಸಿ, ದುರಸ್ತಿ ಮಾಡಿ, ಎರಡು ವರ್ಷದ ಗ್ಯಾರಂಟಿಯೊಂದಿಗೆ ಮಾರುವ ಯೋಜನೆ ಅದು. ಸ್ವಿಟ್ಜರ್ಲೆಂಡಿನ ಬುಖರರ್ ಮಳಿಗೆಗಳಲ್ಲಿ ಮೊದಲು ಶುರುವಾಯಿತು; ಮರುವರ್ಷ ಆ ಬುಖರರ್ ಸಂಸ್ಥೆಯನ್ನೇ ರೋಲೆಕ್ಸ್ ಕೊಳ್ಳುವುದಾಗಿ ಘೋಷಿಸಿತು. ಕಾರ್ಟಿಯೇ ಬ್ರ್ಯಾಂಡಿನ ಒಡೆಯ ರಿಷ್ಮೋಂ ಸಮೂಹ ಅದಕ್ಕೂ ಮೊದಲೇ, 2018ರಲ್ಲಿ, ಬ್ರಿಟನ್ನಿನ ವಾಚ್‌ಫೈಂಡರ್ ಎಂಬ ಬಳಸಿದ ವಾಚುಗಳ ಸಂಸ್ಥೆಯನ್ನು ಕೊಂಡಿತ್ತು. ಭಾರತದಲ್ಲಿ ಈಥೋಸ್ ಕಂಪನಿ ‘ಸೆಕೆಂಡ್ ಮೂವ್‌ಮೆಂಟ್’ ಹೆಸರಿನಲ್ಲಿ ಇದೇ ವ್ಯಾಪಾರ ನಡೆಸುತ್ತಿದೆ.

ಮಾರುಕಟ್ಟೆ ಇಷ್ಟು ಬೆಳೆದರೂ ಕೊಳ್ಳುವವರ, ಮಾರುವವರ ತಲೆಯಲ್ಲಿರುವ ಲೆಕ್ಕಾಚಾರ ಮಾತ್ರ ಹಳೆಯದೇ.

ತಪ್ಪು ಕಲ್ಪನೆ 1: ಬಳಸಿದ ವಾಚು ಎಂದರೆ ಕೆಟ್ಟಿದ್ದು, ಇಲ್ಲವೇ ಕದ್ದಿದ್ದು

ಸತ್ಯ: ಜನ ವಾಚು ಮಾರಲು ಕಾರಣಗಳು ನೂರಿವೆ. ಒಂದು ಮಾರಿ ಇನ್ನೊಂದು ಕೊಳ್ಳುವ ಸಂಗ್ರಾಹಕರಿದ್ದಾರೆ, ತಂದೆಯ ವಾಚು ತಮ್ಮ ಕೈಗೆ ಒಗ್ಗದ ಮಕ್ಕಳಿದ್ದಾರೆ, ತುರ್ತಾಗಿ ಹಣ ಬೇಕಾದವರಿದ್ದಾರೆ. ಕಳವಿನ ಮಾಲು ಈ ಪೇಟೆಗೆ ಬರುವುದೇ ಇಲ್ಲ ಎಂದಲ್ಲ. ಅದಕ್ಕಾಗಿಯೇ ಲಂಡನ್ನಿನ ‘ವಾಚ್ ರಿಜಿಸ್ಟರ್’ ಕಳೆದುಹೋದ ಮತ್ತು ಕಳುವಾದ ವಾಚುಗಳ ಕ್ರಮಸಂಖ್ಯೆಗಳನ್ನು ದಾಖಲಿಸಿ ಇಟ್ಟಿದೆ. ಜವಾಬ್ದಾರಿಯುತ ಡೀಲರು ವಾಚು ಕೊಳ್ಳುವ ಮುನ್ನ ಮಾರುವವರ ಗುರುತಿನ ಚೀಟಿ ಕೇಳುತ್ತಾರೆ, ಸಂಖ್ಯೆಯನ್ನು ಇಂಥ ಪಟ್ಟಿಯಲ್ಲಿ ಹುಡುಕುತ್ತಾರೆ. ಮಾರಲು ಹೋದವರು ಇದನ್ನು ಅವಮಾನವೆಂದು ಭಾವಿಸಬೇಕಿಲ್ಲ. ಏನೂ ಕೇಳದೆ ಹಣ ಎಣಿಸುವ ಅಂಗಡಿಯನ್ನೇ ಅನುಮಾನಿಸಬೇಕು.

ತಪ್ಪು ಕಲ್ಪನೆ 2: ಸೆಕೆಂಡಿನ ಮುಳ್ಳು ತೇಲಿದರೆ ಅಸಲಿ, ಟಿಕ್ ಟಿಕ್ ಎಂದರೆ ನಕಲಿ

ಸತ್ಯ: ಈ ಪರೀಕ್ಷೆ ಎರಡೂ ಕಡೆಯಿಂದ ಸೋಲುತ್ತದೆ. ಇಂದಿನ ಹೆಚ್ಚಿನ ಸ್ವಿಸ್ ಯಾಂತ್ರಿಕ ವಾಚುಗಳು ಗಂಟೆಗೆ 28,800 ಬಾರಿ ಮಿಡಿಯುತ್ತವೆ. ಅಂದರೆ ಸೆಕೆಂಡಿನ ಮುಳ್ಳು ತೇಲುವುದಿಲ್ಲ. ಸೆಕೆಂಡಿಗೆ ಎಂಟು ಪುಟ್ಟ ಹೆಜ್ಜೆ ಇಡುತ್ತದೆ, ನಮ್ಮ ಕಣ್ಣಿಗೆ ತೇಲಿದಂತೆ ಕಾಣುತ್ತದೆ. ಅಗ್ಗದ ನಕಲಿ ವಾಚಿನೊಳಗೂ ಇಂಥದೇ ಆಟೋಮ್ಯಾಟಿಕ್ ಯಂತ್ರ ಹಾಕಬಹುದು, ಹಾಕುತ್ತಾರೆ. ಇನ್ನೊಂದು ಕಡೆ, ರೋಲೆಕ್ಸ್ ಕಂಪನಿಯೇ 1977ರಿಂದ ಸುಮಾರು ಕಾಲು ಶತಮಾನ ‘ಆಯ್ಸ್ಟರ್‌ಕ್ವಾರ್ಟ್ಜ್’ ಎಂಬ ಬ್ಯಾಟರಿ ವಾಚು ಮಾರಿತು. ಅದು ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತದೆ, ಮತ್ತು ಅಪ್ಪಟ ಅಸಲಿ. ಕಾರ್ಟಿಯೇ ಟ್ಯಾಂಕ್ ವಾಚುಗಳಲ್ಲೂ ಬ್ಯಾಟರಿಯವು ಬೇಕಾದಷ್ಟಿವೆ.

ಪರಿಣತರು ಮುಳ್ಳು ನೋಡಿ ತೀರ್ಪು ಕೊಡುವುದಿಲ್ಲ. ಹಿಂಬದಿ ಮುಚ್ಚಳ ತೆಗೆದು ಭೂತಗನ್ನಡಿಯಲ್ಲಿ ಯಂತ್ರದ ಗುರುತುಗಳನ್ನು ಓದುತ್ತಾರೆ. ಮಿಡಿತ ಅಳೆಯುವ ಯಂತ್ರದ ಮೇಲಿಟ್ಟು ದಿನಕ್ಕೆ ಎಷ್ಟು ಸೆಕೆಂಡು ಮುಂದೆ, ಎಷ್ಟು ಹಿಂದೆ ಎಂದು ನೋಡುತ್ತಾರೆ. ಕೇಸಿನ ಸಂಖ್ಯೆ, ಡಯಲಿನ ಅಕ್ಷರ, ಮುಳ್ಳಿನ ಆಕಾರ ಇವೆಲ್ಲ ಒಂದೇ ಕಾಲದವೇ ಎಂದು ತಾಳೆ ಹಾಕುತ್ತಾರೆ.

ತಪ್ಪು ಕಲ್ಪನೆ 3: ಪೆಟ್ಟಿಗೆ, ಕಾಗದ ಇದ್ದರೆ ಚಿಂತೆಯಿಲ್ಲ, ದೊಡ್ಡ ಹರಾಜಿನಲ್ಲಿ ಮಾರಿದ್ದಂತೂ ಅಸಲಿಯೇ

ಸತ್ಯ: 2021ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಫಿಲಿಪ್ಸ್ ಸಂಸ್ಥೆ ಒಮೆಗಾ ಸ್ಪೀಡ್‌ಮಾಸ್ಟರ್‌ನ ಮೊಟ್ಟಮೊದಲ ಮಾದರಿಯ, 1957ರ ವಾಚೊಂದನ್ನು ಹರಾಜಿಗಿಟ್ಟಿತು. ಕಪ್ಪು ಡಯಲು ಕಾಲಕ್ರಮದಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು; ಸಂಗ್ರಾಹಕರು ಇಂಥದ್ದನ್ನು ‘ಟ್ರಾಪಿಕಲ್’ ಎಂದು ಕರೆದು ಮುಗಿಬೀಳುತ್ತಾರೆ. ಅಂದಾಜು ಬೆಲೆ 80 ಸಾವಿರದಿಂದ 1.2 ಲಕ್ಷ ಸ್ವಿಸ್ ಫ್ರಾಂಕ್. ಮಾರಿದ್ದು 31 ಲಕ್ಷ ಫ್ರಾಂಕ್ ದಾಟಿ. ಕೊಂಡದ್ದು ಯಾರು? ಸ್ವತಃ ಒಮೆಗಾ, ತನ್ನ ವಸ್ತುಸಂಗ್ರಹಾಲಯಕ್ಕಾಗಿ.

2023ರಲ್ಲಿ ಗುಟ್ಟು ಹೊರಬಿತ್ತು. ಅದು ಬೇರೆ ಬೇರೆ ವಾಚುಗಳ ಭಾಗಗಳನ್ನು ಕೂಡಿಸಿ ಕಟ್ಟಿದ ವಾಚು. ಈ ವಂಚನೆಯಲ್ಲಿ ತನ್ನದೇ ಮೂವರು ಮಾಜಿ ನೌಕರರ ಕೈವಾಡವಿತ್ತು ಎಂದು ಒಮೆಗಾ ಹೇಳಿ, ಕಾನೂನು ಕ್ರಮಕ್ಕೆ ಮುಂದಾಯಿತು. ವಾಚು ತಯಾರಿಸಿದ ಕಂಪನಿ, ಹೆಸರಾಂತ ಹರಾಜು ಸಂಸ್ಥೆ ಎರಡೂ ಮೋಸ ಹೋದ ಪ್ರಕರಣವಿದು. ಇಂಥ ಜೋಡಣೆಗೆ ಪೇಟೆಯಲ್ಲಿ ‘ಫ್ರಾಂಕನ್‌ವಾಚ್’ ಎನ್ನುತ್ತಾರೆ. ಇದರಲ್ಲಿ ಪ್ರತಿ ಭಾಗವೂ ಅಸಲಿ ಕಂಪನಿಯದೇ ಇರಬಹುದು, ಆದರೆ ಅವು ಒಟ್ಟಿಗೆ ಹುಟ್ಟಿದವಲ್ಲ.

ಕಾಗದಗಳ ಮಾತಿಗೆ ಬಂದರೆ, ಪೆಟ್ಟಿಗೆ ಮತ್ತು ಗ್ಯಾರಂಟಿ ಕಾರ್ಡುಗಳನ್ನೇ ಬಿಡಿಯಾಗಿ ಮಾರುವವರಿದ್ದಾರೆ; ನಕಲಿ ಕಾರ್ಡು ಅಚ್ಚು ಹಾಕುವವರೂ ಇದ್ದಾರೆ. ಪಟೆಕ್ ಫಿಲಿಪ್ ಕಂಪನಿ ಹಳೆಯ ವಾಚುಗಳಿಗೆ ತನ್ನ ದಫ್ತರದಿಂದ ದಾಖಲೆ ತೆಗೆದು ಕೊಡುತ್ತದೆ. ಆದರೆ ಅದರಲ್ಲಿರುವುದು ಆ ಸಂಖ್ಯೆಯ ವಾಚು ಯಾವಾಗ ತಯಾರಾಯಿತು, ಯಾವಾಗ ಮಾರಾಟವಾಯಿತು ಎಂಬ ವಿವರ ಮಾತ್ರ. ಕೈಯಲ್ಲಿರುವ ವಾಚು ಅದೇ ಎಂಬ ಖಾತರಿಯಲ್ಲ. ಸೈಟು ಕೊಳ್ಳುವಾಗ ಪತ್ರದಲ್ಲಿ ಸರ್ವೆ ನಂಬರು ಸರಿಯಿದ್ದರೂ ಜಾಗಕ್ಕೆ ಹೋಗಿ ಅಳತೆ ಹಿಡಿಯುತ್ತೇವಲ್ಲ, ಇಲ್ಲಿಯೂ ಅಷ್ಟೇ.

ತಪ್ಪು ಕಲ್ಪನೆ 4: ಪಾಲಿಶ್ ಹೊಡೆಸಿ, ಡಯಲು ಹೊಸದು ಮಾಡಿಸಿದರೆ ಒಳ್ಳೆ ಬೆಲೆ ಬರುತ್ತದೆ

ಸತ್ಯ: ಮಾರುವವರು ಮಾಡಿಕೊಳ್ಳುವ ಅತಿ ದೊಡ್ಡ ನಷ್ಟ ಇದೇ. ಪಾಲಿಶ್ ಎಂದರೆ ಗೀರು ಮುಚ್ಚುವುದಲ್ಲ, ಗೀರಿನ ಆಳದವರೆಗೆ ಲೋಹವನ್ನು ಉಜ್ಜಿ ತೆಗೆಯುವುದು. ಎರಡು ಮೂರು ಸಲ ಪಾಲಿಶ್ ಕಂಡ ಕೇಸಿನ ಚೂಪು ಅಂಚುಗಳು ದುಂಡಗಾಗುತ್ತವೆ, ಬೆಲ್ಟು ಸಿಕ್ಕಿಸುವ ಕಾಲುಗಳು ತೆಳ್ಳಗಾಗುತ್ತವೆ. ಹೋದ ಲೋಹ ಮತ್ತೆ ಬರುವುದಿಲ್ಲ. ಹಳೆಯ ವಾಚುಗಳಲ್ಲಿ ಗೀರುಗಳಿದ್ದೂ ಮುಟ್ಟದ ಕೇಸಿಗೇ ಹೆಚ್ಚು ಬೆಲೆ. ಡಯಲಿಗೂ ಇದೇ ಲೆಕ್ಕ: ಮಾಸಿದ ಮೂಲ ಡಯಲು ಹೊಳೆಯುವ ಮರುಬಣ್ಣದ ಡಯಲಿಗಿಂತ ಮೇಲು.

ಈ ಪಾಠಕ್ಕೆ ಜಿನೀವಾಕ್ಕೆ ಹೋಗಬೇಕಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ವಾಚು ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆಮೇಲೆ ‘ಜನತಾ’ದಂಥ ಹಳೆಯ ಮಾದರಿಗಳಿಗೆ ಬೇಡಿಕೆ ಹುಟ್ಟಿತು. ಬೇಡಿಕೆಯ ಬೆನ್ನಿಗೇ ಕಾರ್ಖಾನೆ ಎಂದೂ ಕಾಣದ ಗಿಳಿಹಸಿರು, ಕಿತ್ತಳೆ ಬಣ್ಣದ ಡಯಲುಗಳೂ ಆನ್‌ಲೈನ್ ಪೇಟೆಗೆ ಬಂದವು. ಹಳೆಯ ಸೀಕೋ, ಫಾವ್ರ್ ಲೂಬಾ ವಾಚುಗಳಿಗೂ ಹೀಗೇ ಬಣ್ಣ ಬಳಿದು ಹೊರದೇಶಗಳಿಗೆ ಮಾರುತ್ತಾರೆ. ವಿದೇಶಿ ಸಂಗ್ರಾಹಕರು ಅವಕ್ಕೆ ‘ಮುಂಬೈ ಸ್ಪೆಷಲ್’ ಎಂಬ ಬಿರುದನ್ನೇ ಕೊಟ್ಟಿದ್ದಾರೆ. ಅಂದಕ್ಕೆ ಕಟ್ಟಿಕೊಂಡರೆ ತಪ್ಪಿಲ್ಲ, ಅಪರೂಪದ ಮಾದರಿಯೆಂದು ಹಣ ಸುರಿದರೆ ಕಷ್ಟ.

ತಪ್ಪು ಕಲ್ಪನೆ 5: ಚಿನ್ನ, ವಜ್ರ ಹೆಚ್ಚಿದ್ದಷ್ಟೂ ಬೆಲೆ ಹೆಚ್ಚು

ಸತ್ಯ: ನಮ್ಮವರಿಗೆ ಇದನ್ನು ನಂಬುವುದು ಕಷ್ಟ. ಪಟೆಕ್ ಫಿಲಿಪ್‌ನ 1518 ಎಂಬ ಮಾದರಿ 1941ರಲ್ಲಿ ಬಂತು. ಅಧಿಕ ವರ್ಷವನ್ನೂ ಲೆಕ್ಕವಿಡುವ ಪಂಚಾಂಗ ಮತ್ತು ಓಟದ ಸಮಯ ಅಳೆಯುವ ಕ್ರೋನೋಗ್ರಾಫ್ ಎರಡನ್ನೂ ಸೇರಿಸಿ ಸಾಲಾಗಿ ತಯಾರಿಸಿದ ಮೊದಲ ಕೈಗಡಿಯಾರ ಇದು. ತಯಾರಾದ ಇನ್ನೂರ ಎಂಬತ್ತು ಚಿಲ್ಲರೆ ವಾಚುಗಳಲ್ಲಿ ಹೆಚ್ಚಿನವು ಚಿನ್ನದವು. ಉಕ್ಕಿನವು ಎಂದು ಜಗತ್ತಿಗೆ ಗೊತ್ತಿರುವುದು ನಾಲ್ಕೇ. ಅದರಲ್ಲಿ ಒಂದು 2016ರಲ್ಲಿ 1.1 ಕೋಟಿ ಸ್ವಿಸ್ ಫ್ರಾಂಕ್‌ಗೆ ಮಾರಾಟವಾಯಿತು. ಚಿನ್ನದ ಒಡಹುಟ್ಟುಗಳು ಆ ಬೆಲೆಯನ್ನು ಮುಟ್ಟಲಿಲ್ಲ. ಇಲ್ಲಿ ಬೆಲೆ ಕಟ್ಟುವುದು ಲೋಹಕ್ಕಲ್ಲ, ಅದು ಎಷ್ಟು ವಿರಳ ಎಂಬುದಕ್ಕೆ.

ವಜ್ರದ ಕಥೆ ಇನ್ನೂ ವಿಚಿತ್ರ. ಕಾರ್ಖಾನೆಯಲ್ಲೇ ಕೂರಿಸಿದ ವಜ್ರಕ್ಕೆ ಬೆಲೆಯುಂಟು. ಆದರೆ ಉಕ್ಕಿನ ರೋಲೆಕ್ಸ್ ಕೊಂಡು, ಹೊರಗಿನ ಅಕ್ಕಸಾಲಿಗರ ಕೈಲಿ ಮೈತುಂಬ ಹರಳು ಕೂರಿಸಿದರೆ ಖರ್ಚು ಏರುತ್ತದೆ, ಮರುಮಾರಾಟದ ಬೆಲೆ ಇಳಿಯುತ್ತದೆ. ಕೇಸನ್ನು ಕೊರೆದ ಆ ವಾಚನ್ನು ಸರ್ವೀಸಿಗೆ ತೆಗೆದುಕೊಳ್ಳಲು ಕಂಪನಿಯೇ ನಿರಾಕರಿಸುತ್ತದೆ.

ತಪ್ಪು ಕಲ್ಪನೆ 6: ವಾಚಿನ ಬೆಲೆ ಏರುತ್ತಲೇ ಇರುತ್ತದೆ, ಪತ್ರಿಕೆಯಲ್ಲಿ ಬಂದ ಬೆಲೆ ನನಗೂ ಸಿಗುತ್ತದೆ

ಸತ್ಯ: ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನಲ್ಲಿ 1.77 ಕೋಟಿ ಡಾಲರಿಗೆ ಹೋಯಿತು. ಉಕ್ಕಿನ ವಾಚದು, ಹೆಂಡತಿ ಜೋಆನ್ ವುಡ್‌ವರ್ಡ್ ಕೊಟ್ಟಿದ್ದು. ಹುಷಾರಾಗಿ ಗಾಡಿ ಓಡಿಸು ಎಂಬರ್ಥದ ಮಾತನ್ನು ಹಿಂಬದಿಯಲ್ಲಿ ಕೆತ್ತಿಸಿದ್ದರು. ಸುದ್ದಿಯಲ್ಲಿ ಓದಿದ ಈ ಮೊತ್ತ ಮಾರಿದವರ ಜೇಬಿಗೆ ಹೋದದ್ದಲ್ಲ. ಸುತ್ತಿಗೆ ಬಿದ್ದದ್ದು 1.55 ಕೋಟಿ ಡಾಲರಿಗೆ. ಉಳಿದದ್ದು ಕೊಳ್ಳುವವರಿಂದ ಹರಾಜು ಸಂಸ್ಥೆ ಪಡೆಯುವ ಶುಲ್ಕ. ಹರಾಜುಗಳಲ್ಲಿ ಮಾರುವವರಿಂದಲೂ ಕಮಿಷನ್ ಹಿಡಿಯುವುದು ರೂಢಿ. ಅಲ್ಲದೆ ಆ ಬೆಲೆ ಬಂದದ್ದು ನ್ಯೂಮನ್ ಹೆಸರಿಗೆ, ಡೇಟೋನಾ ಮಾದರಿಗಲ್ಲ.

ಏರಿಳಿತಕ್ಕೆ ಪಟೆಕ್ ನಾಟಿಲಸ್ 5711 ಒಳ್ಳೆಯ ಉದಾಹರಣೆ. ಅದರ ತಯಾರಿಕೆ ನಿಲ್ಲಿಸುವುದಾಗಿ 2021ರ ಆರಂಭದಲ್ಲಿ ಸುದ್ದಿ ಬಂದದ್ದೇ ತಡ, ಬೆಲೆ ಗಗನಕ್ಕೆ ಹಾರಿತು. ಅದೇ ಡಿಸೆಂಬರ್‌ನಲ್ಲಿ ಟಿಫನಿ ಅಂಗಡಿಯ ನೀಲಿ ಬಣ್ಣದ ಡಯಲಿದ್ದ ಒಂದು 5711 ಹರಾಜಿನಲ್ಲಿ 65 ಲಕ್ಷ ಡಾಲರ್ ದಾಟಿತು. 2022ರ ಆರಂಭದ ತಿಂಗಳುಗಳು ಶಿಖರ. ಆಮೇಲೆ ಬಳಸಿದ ವಾಚುಗಳ ಪೇಟೆ ಇಳಿಜಾರು ಹಿಡಿಯಿತು. ಏರಿದ ಬೆಲೆಗೆ ಕೊಂಡವರು ಕೈ ಸುಟ್ಟುಕೊಂಡರು. ಇದೆಲ್ಲ ಬೆರಳೆಣಿಕೆಯ ಮಾದರಿಗಳ ಮಾತು. ಉಳಿದ ಬಹುಪಾಲು ದುಬಾರಿ ವಾಚುಗಳು ಅಂಗಡಿಯ ಮೆಟ್ಟಿಲಿಳಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ.

ಇನ್ನು ಡೀಲರು ಕೊಡುವ ಬೆಲೆ ಕಡಿಮೆಯೆಂದು ಸಿಟ್ಟಾಗುವವರು ಅವರ ಲೆಕ್ಕವನ್ನೂ ನೋಡಬೇಕು. ಸರ್ವೀಸಿನ ಖರ್ಚು, ಗ್ಯಾರಂಟಿಯ ಹೊಣೆ, ಮಾರಾಟವಾಗುವ ತನಕ ಕಟ್ಟಿಬಿದ್ದ ಬಂಡವಾಳ ಎಲ್ಲವೂ ಕೊಳ್ಳುವ ಮಾರುವ ಬೆಲೆಗಳ ಅಂತರದಲ್ಲೇ ಹುಟ್ಟಬೇಕು. ಕೂಡಲೇ ಹಣ ಬೇಕಾದವರು ನೇರವಾಗಿ ಮಾರುತ್ತಾರೆ. ಕಾಯಲು ಸಿದ್ಧರಿರುವವರು ಅಂಗಡಿಯಲ್ಲಿಟ್ಟು, ಮಾರಾಟವಾದ ಮೇಲೆ ಕಮಿಷನ್ ಕಳೆದು ಹಣ ಪಡೆಯುತ್ತಾರೆ. ಸಾಮಾನ್ಯವಾಗಿ ಕೈಗೆ ಸ್ವಲ್ಪ ಹೆಚ್ಚು ಬರುತ್ತದೆ. ಬೇರೆ ವಾಚಿನೊಂದಿಗೆ ಬದಲಾಯಿಸಿಕೊಳ್ಳುವುದು ಮೂರನೆಯ ದಾರಿ.

ತಪ್ಪು ಕಲ್ಪನೆ 7: ಚೆನ್ನಾಗಿ ಓಡುತ್ತಿದೆ, ಸರ್ವೀಸ್ ಯಾಕೆ?

ಸತ್ಯ: ಯಾಂತ್ರಿಕ ವಾಚು ಎಣ್ಣೆ ಆರಿದ ಮೇಲೂ ಓಡುತ್ತದೆ, ತನ್ನ ಚಕ್ರಗಳನ್ನು ತಾನೇ ಸವೆಸಿಕೊಂಡು. ತನ್ನ ಈಗಿನ ವಾಚುಗಳಿಗೆ ಸುಮಾರು ಹತ್ತು ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿ ಎನ್ನುತ್ತದೆ ರೋಲೆಕ್ಸ್. ಡಯಲಿನ ಮೇಲೆ 100 ಮೀಟರ್ ಎಂದು ಬರೆದಿದ್ದರೂ ನೀರು ತಡೆಯುವ ಗ್ಯಾಸ್ಕೆಟ್ಟಿಗೆ ವಯಸ್ಸಾಗುತ್ತದೆ. ಒತ್ತಡದ ಪರೀಕ್ಷೆ ಆಗದ ಹಳೆಯ ವಾಚು ಕಟ್ಟಿಕೊಂಡು ಈಜುಕೊಳಕ್ಕೆ ಇಳಿಯಬಾರದು.

ತಪ್ಪು ಕಲ್ಪನೆ 8: ಹೊರದೇಶದಿಂದ ತರಿಸಿದರೆ ಅಗ್ಗ, ನಗದು ಕೊಟ್ಟರೆ ಇನ್ನೂ ಅಗ್ಗ

ಸತ್ಯ: ವಾಚೊಂದು ಎಲ್ಲಿಂದ, ಹೇಗೆ ಬಂತು ಎಂಬ ಪ್ರಶ್ನೆಯ ತೂಕ ಕರ್ನಾಟಕಕ್ಕೆ ಗೊತ್ತು. 2016ರಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಹ್ಯೂಬ್ಲೋ ವಾಚು ವಿಧಾನಸಭೆಯಲ್ಲಿ ಗದ್ದಲಕ್ಕೆ ಕಾರಣವಾಯಿತು. ಅದು ಸ್ನೇಹಿತರ ಉಡುಗೊರೆ ಎಂದು ಅವರು ಹೇಳಿದರು. ಆ ಮಾರ್ಚ್‌ನಲ್ಲಿ ವಾಚನ್ನು ಸಭಾಧ್ಯಕ್ಷ ಕಾಗೋಡು ತಿಮ್ಮಪ್ಪ ಅವರಿಗೆ ಒಪ್ಪಿಸಿ ಸರ್ಕಾರದ ಸ್ವತ್ತಾಗಿಸಿದರು.

ಸಾಮಾನ್ಯ ಕೊಳ್ಳುಗರಿಗೂ ನಿಯಮಗಳಿವೆ. ಭಾರತದ ವಿದೇಶ ವ್ಯಾಪಾರ ನೀತಿಯಲ್ಲಿ ಬಳಸಿದ ಗ್ರಾಹಕ ವಸ್ತುಗಳ ಆಮದು ನಿರ್ಬಂಧಿತ, ಅದಕ್ಕೆ ಪರವಾನಗಿ ಬೇಕು. ಹಾಗಾಗಿ ಹೊರದೇಶದ ಜಾಲತಾಣದಲ್ಲಿ ಹಳೆಯ ವಾಚು ಕೊಂಡು ಕೊರಿಯರ್‌ನಲ್ಲಿ ತರಿಸಿದರೆ ಸುಂಕದ ಜೊತೆಗೆ ಮುಟ್ಟುಗೋಲಿನ ಭಯವೂ ಇದೆ. ಒಂದು ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. 10 ಲಕ್ಷ ರೂಪಾಯಿ ಮೀರಿದ ವಾಚಿಗೆ ಮಾರುವವರು ಶೇ 1ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸಬೇಕೆಂಬ ನಿಯಮ 2025ರ ಏಪ್ರಿಲ್ 22ರಂದು ಜಾರಿಗೆ ಬಂತು. ಆ ಮೊತ್ತವನ್ನು ಕೊಂಡವರು ತಮ್ಮ ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಬಳಸಿದ ವಾಚಿನ ಬಿಲ್ಲಿನಲ್ಲಿ ಜಿಎಸ್‌ಟಿ ತೀರಾ ಕಡಿಮೆ ಕಂಡರೆ ಅದು ವಂಚನೆಯೇ ಆಗಿರಬೇಕೆಂದಿಲ್ಲ: ಹಳೆಯ ಸರಕಿನ ವ್ಯಾಪಾರಿಗಳು ಹೂಡುವಳಿ ತೆರಿಗೆಯ ಲಾಭ ಪಡೆಯದಿದ್ದರೆ, ಕೊಂಡ ಮತ್ತು ಮಾರಿದ ಬೆಲೆಗಳ ಅಂತರಕ್ಕೆ ಮಾತ್ರ ಜಿಎಸ್‌ಟಿ ಕಟ್ಟಲು ಅವಕಾಶವಿದೆ.

ಬಿಲ್ಲು ಬರೆಸುವಾಗ ಮಾದರಿ ಸಂಖ್ಯೆ ಮತ್ತು ಕ್ರಮಸಂಖ್ಯೆಯ ಜೊತೆಗೆ ಯಾವ ಭಾಗ ಬದಲಾಗಿದೆ, ಕೇಸಿಗೆ ಪಾಲಿಶ್ ಆಗಿದೆಯೇ, ಕೊನೆಯ ಸರ್ವೀಸ್ ಯಾವಾಗ, ಗ್ಯಾರಂಟಿ ಎಷ್ಟು ತಿಂಗಳು, ಅಸಲಿಯಲ್ಲ ಎಂದು ಸಾಬೀತಾದರೆ ಹಣ ವಾಪಸು ಕೊಡುತ್ತಾರೆಯೇ ಎಂಬುದನ್ನೂ ಬರೆಸಿಕೊಳ್ಳಬೇಕು. ಇಷ್ಟನ್ನು ಬರಹದಲ್ಲಿ ಕೊಡಲು ಒಪ್ಪುವ ಡೀಲರಿಗೆ ಬೀದಿ ಬದಿಯ ಬೆಲೆಗಿಂತ ಒಂದಿಷ್ಟು ಹೆಚ್ಚು ಕೊಡುವುದು ನಷ್ಟದ ವ್ಯಾಪಾರವಲ್ಲ.