ಫೋನ್ ಇಟ್ಟರೂ ಅವನು ಹೋಗಿರುವುದಿಲ್ಲ

ಬೆಟಗೇರಿಯ ಒಂದು ಡಿಟಿಪಿ ಅಂಗಡಿ ಎಂದುಕೊಳ್ಳಿ. ಲಗ್ನಪತ್ರಿಕೆಗಳ ಸೀಸನ್. ಪರದೆ ತುಂಬ ದಿಢೀರನೆ ಕೆಂಪು ಎಚ್ಚರಿಕೆ, ಕಿವಿಗಡಚಿಕ್ಕುವ ಸದ್ದು, ಕೆಳಗೆ ‘ಮೈಕ್ರೋಸಾಫ್ಟ್ ಸಹಾಯವಾಣಿ’ ಎಂಬ ನಂಬರು. ಫೋನ್ ಮಾಡಿದರೆ ಆ ಕಡೆಯವನು ಬಲು ಮರ್ಯಾದೆಯಿಂದ ಎನಿಡೆಸ್ಕ್ ಎಂಬ, ದೂರದಿಂದಲೇ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಹಾಕಿಸುತ್ತಾನೆ, ಅದರಲ್ಲಿ ಕಾಣುವ ಅಂಕಿಗಳನ್ನು ಕೇಳುತ್ತಾನೆ. ಆಮೇಲೆ ನೋಡಿ: ಮೌಸ್ ಮೇಲೆ ಯಾರ ಕೈಯೂ ಇಲ್ಲ, ಬಾಣದ ಗುರುತು ಮಾತ್ರ ತಾನೇ ಓಡಾಡುತ್ತಿದೆ. ಅವನು ‘ಇವೆಂಟ್ ವ್ಯೂವರ್’ ತೆರೆದು ಕೆಂಪು ಗುರುತುಗಳ ಸಾಲು ತೋರಿಸಿ, ಇವೆಲ್ಲ ವೈರಸ್ ಅನ್ನುತ್ತಾನೆ. ಸುಳ್ಳು. ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರಿನಲ್ಲೂ ಅಂಥ ಗುರುತುಗಳು ಇದ್ದೇ ಇರುತ್ತವೆ.

ಮೋಸ ಹೋದದ್ದು ಹೋಯಿತು. ಆದರೆ ನಷ್ಟವನ್ನು ದೊಡ್ಡದು ಮಾಡುವುದು ಆಮೇಲಿನ ಒಂದೆರಡು ಗಂಟೆಯ ತಪ್ಪು ತಿಳಿವಳಿಕೆ.

“ಅನುಮಾನ ಬಂತು, ಫೋನ್ ಇಟ್ಟೆ, ಮುಗೀತು.” ಮುಗಿದಿಲ್ಲ. ಫೋನ್ ಕರೆ ಬೇರೆ, ಕಂಪ್ಯೂಟರಿನ ಸಂಪರ್ಕ ಬೇರೆ. ನೀವು ಎದುರಿಗಿಲ್ಲದಾಗಲೂ ಒಳಬರುವಂತೆ ಅವನು ತನ್ನದೇ ಪಾಸ್‌ವರ್ಡ್ ಇಟ್ಟಿರಬಹುದು, ಇನ್ನೊಂದು ಇಂಥದೇ ಸಾಫ್ಟ್‌ವೇರ್ ಮೂಲೆಯಲ್ಲಿ ಹಾಕಿರಬಹುದು. ಹಾಗಾಗಿ ಎನಿಡೆಸ್ಕ್ ಒಂದನ್ನು ಅಳಿಸಿದರೆ ಸಾಲದು. ಮೊದಲು ನೆಟ್ ಕೇಬಲ್ ಕೀಳಿ, ವೈಫೈ ಇದ್ದರೆ ರೌಟರ್ ಆರಿಸಿ.

“ಓಟಿಪಿ ಹೇಳೇ ಇಲ್ಲ, ರೊಕ್ಕ ಹ್ಯಾಂಗ ಹೋಗತೈತಿ?” ಹೋಗುತ್ತದೆ. ಎನಿಡೆಸ್ಕ್ ಆ್ಯಪನ್ನು ಮೊಬೈಲಿಗೆ ಹಾಕಿಸಿದ್ದರೆ ಓಟಿಪಿ ಬಂದ ಕೂಡಲೇ ಅವನೇ ಓದಿಕೊಳ್ಳುತ್ತಾನೆ, ನೀವು ಬಾಯಿ ಬಿಡಬೇಕಿಲ್ಲ. ಎನಿಡೆಸ್ಕ್ ಮೂಲಕ ಹೀಗೆ ಹಣ ಎತ್ತುತ್ತಿದ್ದಾರೆಂದು ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಕಂಪ್ಯೂಟರ್ ಆದರೆ ಕ್ರೋಮ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು, ತೆರೆದೇ ಇರುವ ಜಿಮೇಲ್, ವಾಟ್ಸ್ಆ್ಯಪ್ ವೆಬ್ ಎಲ್ಲ ಅವನ ಕಣ್ಣೆದುರು. ಪಾಸ್‌ವರ್ಡ್‌ಗಳನ್ನು ಬದಲಿಸಿ, ಆದರೆ ಅದೇ ಯಂತ್ರದಲ್ಲಲ್ಲ, ಬೇರೆಯ ಮೊಬೈಲಿನಲ್ಲಿ. ಮೇಲ್ ಮೊದಲು, ಏಕೆಂದರೆ ಉಳಿದ ಪಾಸ್‌ವರ್ಡ್‌ಗಳೆಲ್ಲ ಅದರ ಮೂಲಕವೇ ಬದಲಾಗುತ್ತವೆ. ಮೇಲ್ ಖಾತೆಯಲ್ಲಿ ಅವನ ನಂಬರೇನಾದರೂ ಸೇರಿಕೊಂಡಿದೆಯೇ ಎಂದೂ ನೋಡಿ.

“ಒಯ್ದು ಫಾರ್ಮ್ಯಾಟ್ ಹೊಡಿಸಿಬಿಡು.” ಫಾರ್ಮ್ಯಾಟ್ ಬೇಕೇ ಬೇಕು, ಆದರೆ ಮೊದಲ ಕೆಲಸ ಅದಲ್ಲ. ಅವಸರದಲ್ಲಿ ಸಾಕ್ಷ್ಯವೂ ಅಳಿದುಹೋಗುತ್ತದೆ. ಪರದೆಯ ಫೋಟೋ, ನೀವು ಕರೆ ಮಾಡಿದ ನಂಬರು, ಬ್ಯಾಂಕಿನ ಮೆಸೇಜು, ಅದರಲ್ಲಿನ ವಹಿವಾಟಿನ ಸಂಖ್ಯೆ ಇವನ್ನೆಲ್ಲ ತೆಗೆದಿಟ್ಟುಕೊಂಡು ದೂರು ಕೊಟ್ಟ ಮೇಲೆ ರಿಪೇರಿಯವರ ಬಳಿಗೆ ಹೋಗಿ.

“ದೂರು ಕೊಡಾಕ ಗದಗಕ್ಕ ಹೋಗಬೇಕ್ರಿ, ನಾಳೆ ನೋಡೂಣು.” ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದವರಿಗೆ ದುಬಾರಿಯಾಗುವ ಮಾತೆಂದರೆ ಇದೇ. ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ನಿಮಿಷಗಳಲ್ಲಿ ನಾಲ್ಕಾರು ಖಾತೆ ದಾಟುತ್ತದೆ. ಕುಳಿತಲ್ಲಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದೂರು ದಾಖಲಾದರೆ ಹಣ ಹೋದ ದಾರಿಯಲ್ಲಿನ ಬ್ಯಾಂಕುಗಳಿಗೆ ಸುದ್ದಿ ಮುಟ್ಟಿ, ಸಿಕ್ಕಷ್ಟನ್ನು ಅಲ್ಲೇ ತಡೆಹಿಡಿಯುತ್ತಾರೆ. ಗದಗಿನ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಆಮೇಲೆ ಹೋಗಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ, ಅಪರಾಧ ಎಲ್ಲೇ ನಡೆದಿದ್ದರೂ ನಿಮ್ಮೂರಿನ ಠಾಣೆಯಲ್ಲೇ ದೂರು ಕೊಡಲು ಅಡ್ಡಿಯಿಲ್ಲ.

“ತಪ್ಪು ನಮ್ಮದ ಐತಿ, ಬ್ಯಾಂಕಿನವ್ರಿಗೆ ಏನಂತ ಹೇಳೂದು?” ಈ ನಾಚಿಕೆಯೇ ಮೋಸಗಾರನ ಬಂಡವಾಳ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದ್ದಿಷ್ಟು: ಗ್ರಾಹಕನ ಅಜಾಗರೂಕತೆಯಿಂದ ಹೋದ ಹಣ, ಅವನು ಬ್ಯಾಂಕಿಗೆ ತಿಳಿಸುವವರೆಗೆ ಅವನದೇ ನಷ್ಟ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ನಷ್ಟ. ಸುಮ್ಮನಿದ್ದಷ್ಟೂ ನಷ್ಟ ನಿಮ್ಮ ತಲೆಗೇ. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಡಿಸೆಂಬರ್ 14ರಂದು ಇಂಥದೇ ಸುತ್ತೋಲೆ ಬಂತು. 1905ರಲ್ಲೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸೀಮೆಯವರು ಸಹಕಾರಿ ಬ್ಯಾಂಕಿನಲ್ಲಿ ಈ ಮಾತೆತ್ತಲು ಹಿಂಜರಿಯಬೇಕಿಲ್ಲ. ತಿಳಿಸಿದ ಹೊತ್ತು, ಕೊಟ್ಟ ದೂರಿನ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಳ್ಳಿ.

ಕೆಲವು ದಿನ ಕಳೆದು ಇನ್ನೊಂದು ಕರೆ ಬರಬಹುದು: ನಿಮ್ಮ ಹಣ ಸಿಕ್ಕಿದೆ, ಬಿಡಿಸಲು ಶುಲ್ಕ ಕಟ್ಟಿ ಎಂದು. ಅದೂ ಅದೇ ಗುಂಪಿನದಾಗಿರಬಹುದು, ಇಲ್ಲವೇ ನಿಮ್ಮ ನಂಬರು ಕೊಂಡ ಮತ್ತೊಂದು ಗುಂಪಿನದು. ಹೋದ ಹಣ ತಡೆಹಿಡಿಯಲು 1930ರವರು ಒಂದು ಪೈಸೆಯನ್ನೂ ಕೇಳುವುದಿಲ್ಲ.